ಲ್ಯಾಮಿನೇಷನ್ ಮಾಡಿದ ನಾಣ್ಯ

ಜೆರಾಕ್ಸಣ್ಣನ ಮಷೀನು ತನ್ನೊಳಗೆ ಹೋದ ಯಾವ ಕಾಗದವನ್ನೂ ಸುಮ್ಮನೆ ಹೊರಗೆ ಬಿಡುತ್ತಿರಲಿಲ್ಲ. ಎಡಗಡೆ ಮೂರು ಬೆರಳು ಜಾಗ ಬಿಟ್ಟು, ಮೇಲಿಂದ ಕೆಳಗಿನವರೆಗೆ ಒಂದು ಕಪ್ಪು ಗೆರೆ ಎಳೆದೇ ಕಳಿಸುತ್ತಿತ್ತು. ಅಂಕಪಟ್ಟಿ ಕೊಟ್ಟರೆ ಗಣಿತದ ಅಂಕದ ಮೇಲೆ ಗೆರೆ ಬೀಳುತ್ತಿತ್ತು; ಇದರಿಂದ ಕೆಲವರಿಗೆ ಅನುಕೂಲವೂ ಆಗಿದೆ. ಆದರೆ ಗುರುತಿನ ಚೀಟಿ ಕೊಟ್ಟರೆ ಫೋಟೋದಲ್ಲಿದ್ದವರು ಕಂಬಿಯ ಹಿಂದೆ ನಿಂತ ಹಾಗೆ ಕಾಣುತ್ತಿದ್ದರು. ಎದುರಿಗಿದ್ದ ದಾಖಲೆ ಕಚೇರಿಯ ಗುಮಾಸ್ತ ಒಂದು ದಿನ ಅಂಥ ಒಂದು ಪ್ರತಿಯನ್ನು ಬೆಳಕಿಗೆ ಹಿಡಿದು, "ಇವರು ಅರ್ಜಿದಾರರೋ ಕೈದಿಯೋ?" ಎಂದು ಕೇಳಿ ವಾಪಸು ಕಳಿಸಿದ. ಅಂದಿನಿಂದ ಕಚೇರಿಗೆ ಬಂದವರೆಲ್ಲ ನಾಲ್ಕು ಅಂಗಡಿ ಆಚೆಗಿದ್ದ ಹೊಸ ಜೆರಾಕ್ಸಿನವನ ಹತ್ತಿರ ಹೋಗತೊಡಗಿದರು.

ಮೆಕ್ಯಾನಿಕ್ ಬಂದು ಮಷೀನಿನ ಹೊಟ್ಟೆ ಬಿಚ್ಚಿ ನೋಡಿದ. "ಡ್ರಮ್ಮು ಹೋಗಿದೆ ಅಣ್ಣ. ಡ್ರಮ್ಮು ಹಾಕ್ಸೋ ದುಡ್ಡಿಗೆ ಇನ್ನೊಂದು ಹಳೇ ಮಷೀನೇ ಬರುತ್ತೆ."

ಇನ್ನೊಂದು ಹಳೇ ಮಷೀನು ಗುಜರಿ ಯಜಮಾನನ ಗೋಡೌನಿನಲ್ಲಿತ್ತು. ಮುಚ್ಚಿಹೋದ ಶಾಲೆಯೊಂದರಿಂದ ಬೆಂಚು, ಫ್ಯಾನುಗಳ ಜೊತೆ ತೂಕದ ಲೆಕ್ಕದಲ್ಲಿ ತಂದದ್ದು. ಜೆರಾಕ್ಸಣ್ಣ ಹೋಗಿ ಅದರ ಗಾಲಿ ತಿರುಗಿಸಿದ, ಟ್ರೇ ಎಳೆದ, ಮುಚ್ಚಳ ಎತ್ತಿ ಗಾಜನ್ನು ಮೂಸಿದ. ಕೊನೆಗೆ ಬೆಲೆ ಕೇಳಿದ. ಕೇಳಿದ ಮೇಲೆ ಮುಚ್ಚಳವನ್ನು ಮೆಲ್ಲಗೆ ಮುಚ್ಚಿದ.

"ತಿಂಗಳ ಕೊನೇ ಶನಿವಾರದವರೆಗೆ ನಿನಗೋಸ್ಕರ ಇಟ್ಟಿರ್ತೀನಿ," ಎಂದ ಯಜಮಾನ. "ಆಮೇಲೆ ನಂಗೆ ಹೇಳಬೇಡ. ಹೊಸ ಜೆರಾಕ್ಸಿನವನು ಆಗಲೇ ಎರಡು ಸಲ ಬಂದು ನೋಡ್ಕೊಂಡು ಹೋಗಿದಾನೆ."

"ಅವನಿಗೆ ಎರಡು ಮಷೀನು, ನಮಗೆ ಒಂದು ಗೆರೆ," ಎಂದಳು ಹೆಂಡತಿ. "ಶನಿವಾರ ಆ ಮಷೀನು ಅವನ ಅಂಗಡಿಗೆ ಹೋದ್ರೆ ಸೋಮವಾರ ನಾವು ಬಾಗಿಲು ತೆಗೆಯೋದೇ ಬೇಡ ರೀ."

ಇದು ನಿಜವಾಗಿತ್ತು. ಆದ್ದರಿಂದ ಜೆರಾಕ್ಸಣ್ಣ ಕೂಡಲೇ ಕಾರ್ಯಪ್ರವೃತ್ತನಾಗಿ ಒಂದು ಬೋರ್ಡು ಬರೆಸಿದ. ಹೊಸ ಜೆರಾಕ್ಸಿನವನು 'ಕಾರ್ಡ್ ಮತ್ತು ಮೊಬೈಲ್ ಪಾವತಿ ಸ್ವೀಕರಿಸಲಾಗುವುದು' ಎಂದು ಹಾಕಿದ್ದ. ಇವನು ಅದರ ಎರಡರಷ್ಟು ದೊಡ್ಡ ಅಕ್ಷರದಲ್ಲಿ 'ಇಲ್ಲಿ ಎಲ್ಲಾ ವಿಧದ ಹಣ ಸ್ವೀಕರಿಸಲಾಗುವುದು' ಎಂದು ಹಾಕಿದ.

"ಎಲ್ಲಾ ವಿಧ ಅಂದ್ರೆ ಎಷ್ಟು ವಿಧ ರೀ?"

"ಅದು ಕೊಡೋರಿಗೆ ಗೊತ್ತಿದ್ರೆ ಸಾಕು ಕಣೆ. ತಗೊಳ್ಳೋರಿಗೆ ಯಾಕೆ?"

ಮೂರನೆಯ ದಿನವೇ ಕೊಡುವವನು ಬಂದ. ಭುಜದವರೆಗೆ ಕೂದಲು ಬಿಟ್ಟ ಸಂಶೋಧಕ. ಕಪ್ಪೆಗಳ ಕೂಗಿನ ಮೇಲೆ ನಾನೂರು ಪುಟ ಬರೆದಿದ್ದ. ಇಪ್ಪತ್ತೈದು ಪ್ರತಿ, ಗಟ್ಟಿ ಬೈಂಡು, ಮೂರು ದಿನದಲ್ಲಿ ಬೇಕು ಎಂದ.

"ಮೊದಲೇ ಹೇಳಿಬಿಡ್ತೀನಿ, ಗೆರೆ ಬರುತ್ತೆ," ಎಂದ ಜೆರಾಕ್ಸಣ್ಣ. ಅವನು ಪ್ರಾಮಾಣಿಕ.

"ಬರಲಿ ಬಿಡಿ, ಓದೋರು ಯಾರು?" ಎಂದ ಉದ್ದಗೂದಲಿನವನು. ಅವನೂ ಪ್ರಾಮಾಣಿಕ. "ಅಂದ ಹಾಗೆ ಎಲ್ಲಾ ವಿಧ ಅಂತ ಹಾಕಿದೀರಲ್ಲ, ಡಿಜಿಟಲ್ ನಾಣ್ಯ ತಗೋತೀರಾ?"

ಹೊಸ ಜೆರಾಕ್ಸಿನವನು ತನ್ನ ಬಾಗಿಲಲ್ಲಿ ನಿಂತು ಇತ್ತಲೇ ನೋಡುತ್ತಿದ್ದ. "ದಿನಾ ತಗೋತೀವಿ!" ಎಂದ ಜೆರಾಕ್ಸಣ್ಣ, ನಾಲ್ಕು ಅಂಗಡಿ ಆಚೆಗೂ ಕೇಳುವಂತೆ.

ಮೂರು ದಿನ ಮಷೀನು ಹತ್ತು ಸಾವಿರ ಗೆರೆ ಎಳೆಯಿತು. ನಾಲ್ಕನೆಯ ದಿನ ಉದ್ದಗೂದಲಿನವನು ಬಂದು ಜೆರಾಕ್ಸಣ್ಣನ ಫೋನು ತೆಗೆದುಕೊಂಡು ಅದರಲ್ಲಿ ಏನೋ ಒಂದನ್ನು ಇಳಿಸಿ, ತನ್ನ ಫೋನನ್ನು ಒತ್ತಿ, "ಬಂತು ನೋಡಿ," ಎಂದ.

"ಎಲ್ಲಿ?"

"ಇಲ್ಲೇ, ನಂಬರು ಕಾಣ್ತಿದೆಯಲ್ಲ."

"ನಂಬರು ಇದೆ. ದುಡ್ಡು ಎಲ್ಲಿದೆ?"

"ದುಡ್ಡು ಒಂದು ಕಡೆ ಇರಲ್ಲ ಅಣ್ಣ. ಎಲ್ಲಾ ಕಡೆ ಇರುತ್ತೆ."

"ಯಾವ ಬ್ಯಾಂಕಿನದು?"

"ಬ್ಯಾಂಕಿಲ್ಲ."

"ಸರ್ಕಾರದ್ದಾ?"

"ಸರ್ಕಾರಕ್ಕೂ ಇದಕ್ಕೂ ಸಂಬಂಧ ಇಲ್ಲ. ಅದೇ ಇದರ ವಿಶೇಷ. ಯಾರೂ ಅಚ್ಚು ಹಾಕಲ್ಲ, ಯಾರ ಸಹಿಯೂ ಇರಲ್ಲ. ಎಲ್ಲರೂ ಸೇರಿ ನಂಬ್ತಾರೆ, ಅಷ್ಟೇ."

"ಒಂದು ದಿನ ಎಲ್ಲರೂ ಸೇರಿ ನಂಬದೆ ಹೋದ್ರೆ?"

ಉದ್ದಗೂದಲಿನವನು ಕೂದಲನ್ನು ಕಿವಿಯ ಹಿಂದೆ ಸರಿಸಿ, "ಹಂಗೆಲ್ಲ ಕೇಳಬಾರದು," ಎಂದ.

ಆಮೇಲೆ ಅವನು ಫೋನಿನಲ್ಲಿ ಮೂಡಿದ ಹನ್ನೆರಡು ಪದಗಳನ್ನು ಕಾಗದದ ಮೇಲೆ ಬರೆದುಕೊಳ್ಳಲು ಹೇಳಿದ. ಏಣಿ, ಆಮೆ, ಉಪ್ಪು ಎಂದು ಮುಂತಾಗಿ ಒಂದಕ್ಕೊಂದು ತಲೆಬುಡವಿಲ್ಲದ ಪದಗಳು. "ಈ ಪದಗಳೇ ಬೀಗದ ಕೈ. ಫೋನು ಕಳೆದುಹೋದ್ರೂ ಪರವಾಗಿಲ್ಲ, ಯಾವ ಫೋನಲ್ಲಾದ್ರೂ ಇದನ್ನ ಹೀಗೇ ಸಾಲಾಗಿ ಹಾಕಿದ್ರೆ ದುಡ್ಡು ಬರುತ್ತೆ. ಆದ್ರೆ ಕಾಗದ ಕಳೆದ್ರೆ ಯಾರನ್ನೂ ಕೇಳೋ ಹಾಗಿಲ್ಲ. ಮತ್ತೆ ಹನ್ನೆರಡನ್ನೂ ಯಾರೂ ನೋಡಬಾರದು. ನೋಡಿದವರದ್ದೇ ದುಡ್ಡು." ಇಷ್ಟು ಹೇಳಿ ಇಪ್ಪತ್ತೈದು ಪ್ರತಿ ಕಪ್ಪೆಗಳನ್ನು ಆಟೋದಲ್ಲಿ ತುಂಬಿಕೊಂಡು ಹೊರಟುಹೋದ.

ಜೆರಾಕ್ಸಣ್ಣನಿಗೆ ಜಗತ್ತಿನಲ್ಲಿ ಗೊತ್ತಿದ್ದ ಬೆಲೆ ಒಂದೇ, ಗೋಡೌನಿನ ಮಷೀನಿನದು. ಫೋನಿನಲ್ಲಿ ನಾಣ್ಯದ ದರ ನೋಡಿ, ಗುಣಿಸಿ, ಭಾಗಿಸಿ, "ಗಾಲಿಯವರೆಗೆ ಇದೆ," ಎಂದು ಹೆಂಡತಿಗೆ ಹೇಳಿದ. ಎರಡು ದಿನ ಕಳೆದು ನೋಡಿದರೆ ಟ್ರೇವರೆಗೆ ಬಂದಿತ್ತು. ಹೀಗೇ ಏರಿದರೆ ಶನಿವಾರದೊಳಗೆ ಮುಚ್ಚಳ ಮುಟ್ಟಿ ಪೂರಾ ಮಷೀನಿನ ಬೆಲೆಯಾಗುತ್ತದೆ. ಸುಮ್ಮನೆ ಕಾದರೆ ಸಾಕು. ಆದರೆ ಸುಮ್ಮನೆ ಇರುವುದು ಅವನ ಕಸುಬಿನಲ್ಲಿ ಇರಲಿಲ್ಲ.

ಜೆರಾಕ್ಸ್ ಅಂಗಡಿಯಲ್ಲಿ ಮಹಾಪಾಪ ಎಂಬುದು ಒಂದೇ. ಪ್ರತಿ ತೆಗೆದ ಮೇಲೆ ಮೂಲ ಕಾಗದವನ್ನು ಗಾಜಿನ ಮೇಲೆ ಮರೆತುಬಿಡುವುದು. ಪದಗಳು ಕಾಗದಕ್ಕೆ ಇಳಿದ ಮೇಲೆ ಫೋನಿನಲ್ಲಿ ಇನ್ನೂ ದುಡ್ಡು ಕುಳಿತಿರುವುದು ಅವನಿಗೆ ಹಾಗೇ ಕಂಡಿತು. ಫೋನು ಕದಿಯುವವರಿದ್ದಾರೆ. ಮುಚ್ಚಳ ತೆಗೆದಿಟ್ಟು ಮಲಗಿದ ಹಾಗೆ ಇದು. ಹೆಂಡತಿ ಬೇಡ ಎನ್ನುವಷ್ಟರಲ್ಲಿ ಉದ್ದಗೂದಲಿನವನು ಇಳಿಸಿಕೊಟ್ಟದ್ದನ್ನು ಫೋನಿನಿಂದ ಅಳಿಸಿಯೇ ಬಿಟ್ಟ.

ಈಗ ಉಳಿದದ್ದು ಕಾಗದ. ಹನ್ನೆರಡನ್ನೂ ಯಾರೂ ನೋಡಬಾರದು ಎಂದಿದ್ದ. ಯಾರೂ ಎಂದರೆ ಅದರಲ್ಲಿ ತಾನೂ ಸೇರಿದೆ ಎಂದು ಜೆರಾಕ್ಸಣ್ಣನಿಗೆ ಮಧ್ಯಾಹ್ನದ ಹೊತ್ತಿಗೆ ಹೊಳೆಯಿತು. ಬರೆಯುವಾಗ ನೋಡಿದ್ದನ್ನು ಅವನು ಆಗಲೇ ಮರೆತಿದ್ದ. ಕಾಗದವನ್ನು ಬೋರಲು ಹಾಕಿ, ಕಟರ್ ಕೆಳಗೆ ತಳ್ಳಿ, ಕಣ್ಣು ಮುಚ್ಚಿಕೊಂಡು ಎರಡು ಸಲ ಹಿಡಿ ಒತ್ತಿದ. ನಾಲ್ಕು ನಾಲ್ಕು ಪದಗಳ ಮೂರು ಪಟ್ಟಿಗಳಾದವು. ಬೆನ್ನಿಗೆ ಒಂದು, ಎರಡು, ಮೂರು ಎಂದು ಬರೆದು, ಮೂರಕ್ಕೂ ಲ್ಯಾಮಿನೇಷನ್ ಹಾಕಿದ. ಬಿಸಿಯಾಗಿ ಹೊಳೆಯುತ್ತ ಹೊರಬಂದ ಪಟ್ಟಿಗಳನ್ನು ನೋಡಿ ಅವನಿಗೆ ಮೊದಲ ಸಲ ತನ್ನ ಹತ್ತಿರ ದುಡ್ಡಿದೆ ಎನಿಸಿತು.

ಒಂದನೆಯ ಪಟ್ಟಿಯನ್ನು ಪಕ್ಕದಂಗಡಿಯ ಟೈಲರ್‌ಗೆ ಕೊಟ್ಟ.

"ಏನಣ್ಣ ಇದು?"

"ದುಡ್ಡು. ಜೋಪಾನ."

ಟೈಲರ್ ಹಿಂದೆ ಮುಂದೆ ತಿರುಗಿಸಿ ನೋಡಿದ. "ಎಷ್ಟು?"

"ಇವತ್ತಿಗೆ ಮೂರು ಜನದ್ದೂ ಸೇರಿ ಟ್ರೇವರೆಗೆ."

ಎರಡನೆಯದನ್ನು ನೀರಿನ ಮೀಟರ್ ಓದುವ ಭಾಮೈದನಿಗೆ ಕೊಟ್ಟ. ಅವನು ಅದನ್ನು ಕೊರಳಿನ ಗುರುತಿನ ಚೀಟಿಯ ಜೊತೆ ಸೇರಿಸಿ ನೇತುಹಾಕಿಕೊಂಡು, "ಭಾವ, ಇದು ನನ್ನ ಎದೆ ಮೇಲಿದೆ ಅಂದ್ರೆ ಲಾಕರಲ್ಲಿದೆ ಅಂದ್ಕೊಳ್ಳಿ," ಎಂದು ದಿನಕ್ಕೆ ನಲವತ್ತು ಮನೆ ತಿರುಗತೊಡಗಿದ.

ಮೂರನೆಯದು ಮನೆಯಲ್ಲೇ ಇದ್ದ ಅತ್ತೆಗೆ.

"ಇದರಲ್ಲಿ ಚಿಕ್ಕಪ್ಪ ಅಂತ ಬರೆದಿದೆ. ಯಾರ ಚಿಕ್ಕಪ್ಪ?" ಎಂದರು ಅತ್ತೆ ಕನ್ನಡಕ ಏರಿಸಿ.

ಜೆರಾಕ್ಸಣ್ಣ ಗಾಬರಿಯಿಂದ ಎರಡೂ ಕಿವಿ ಮುಚ್ಚಿಕೊಂಡ. "ಓದಬೇಡಿ ಅತ್ತೆ! ನಾನು ಕೇಳಿಸ್ಕೋಬಾರದು! ಅದು ದುಡ್ಡು."

"ನನಗಾ?"

ಕಿವಿ ಮುಚ್ಚಿಕೊಂಡಿದ್ದರಿಂದ ಅವನು ಸುಮ್ಮನೆ ತಲೆಯಾಡಿಸಿದ. ಅತ್ತೆ ಪಟ್ಟಿಯನ್ನು ಸೆರಗಿನಿಂದ ಒರೆಸಿದರು. "ಹದಿನೆಂಟು ವರ್ಷಕ್ಕೆ ಅಳಿಯಂದ್ರ ಕೈಯಿಂದ ಏನೋ ಒಂದು ಬಂತು," ಎಂದು ಮಗಳ ಕಡೆ ನೋಡಿ, ಅದನ್ನು ರವಿಕೆಯೊಳಗಿನ ಪರ್ಸಿಗೆ ಸೇರಿಸಿದರು.

ಇನ್ನು ಟೈಲರ್ ಮಾಡಿದ್ದರಲ್ಲಿ ತಪ್ಪೇನಿದೆ ಎಂದು ಬೀದಿಯವರು ಇಂದಿಗೂ ಕೇಳುತ್ತಾರೆ. ಎರಡು ವರ್ಷದ ಹಿಂದೆ ಜೆರಾಕ್ಸಣ್ಣನಿಗೆ ಅವನೊಂದು ಪ್ಯಾಂಟು ಹೊಲಿದುಕೊಟ್ಟಿದ್ದ. ಈಗ ದುಡ್ಡು ಎಂದು ಹೇಳಿ ಕೊಟ್ಟಿದ್ದಾನೆ. ಪ್ಯಾಂಟಿನದ್ದೇ ಇರಬೇಕು. ದುಡ್ಡನ್ನು ಇಟ್ಟುಕೊಂಡು ಮಾಡುವುದೇನು? ಒಂದು ತಿಂಗಳ ಟೀ ಕುಡಿಯುವುದಕ್ಕೆಂದು ಟೀ ಅಂಗಡಿಯವನಿಗೆ ಕೊಟ್ಟುಬಿಟ್ಟ.

ಟೀ ಅಂಗಡಿಯವನಿಗೆ ಅನುಮಾನ. ಆದರೆ ಪಟ್ಟಿ ನೋಡಲು ಚೆನ್ನಾಗಿತ್ತು. ಬಗ್ಗಿಸಿದರೆ ಮಡಿಕೆ ಬೀಳುತ್ತಿರಲಿಲ್ಲ, ಟೀ ಚೆಲ್ಲಿದರೆ ಒರೆಸಬಹುದಿತ್ತು. ಸರ್ಕಾರದ ನೋಟಿಗೆ ಈ ಗುಣ ಎಲ್ಲಿಂದ ಬರಬೇಕು? ಆದರೂ ಒಂದು ಮಾತು ಕೇಳಿಬಿಡೋಣ ಎಂದು ದಾಖಲೆ ಕಚೇರಿಯ ದೃಢೀಕರಣ ಅಧಿಕಾರಿಗೆ ಬೆಳಗಿನ ಟೀ ಕೊಡುವಾಗ ಲೋಟದ ಪಕ್ಕದಲ್ಲಿ ಪಟ್ಟಿಯನ್ನೂ ಇಟ್ಟ. ಹತ್ತು ನಿಮಿಷದಲ್ಲಿ ಜೆರಾಕ್ಸಣ್ಣನಿಗೆ ಕರೆ ಬಂತು.

ಅಧಿಕಾರಿ ಪಟ್ಟಿಯನ್ನು ಎರಡು ಬೆರಳಿನಲ್ಲಿ ಹಿಡಿದಿದ್ದರು. "ನೋಟು ಅಚ್ಚು ಹಾಕ್ತಿದೀಯಂತೆ?"

"ಇಲ್ಲ ಸಾರ್! ಅದು ನೋಟಲ್ಲ. ಡಿಜಿಟಲ್ ನಾಣ್ಯ."

"ನಾಣ್ಯ ದುಂಡಗಿರುತ್ತೆ. ಇದು ಉದ್ದಕ್ಕಿದೆ."

"ನಾಣ್ಯ ಇದರೊಳಗಿಲ್ಲ ಸಾರ್. ಎಲ್ಲಾ ಕಡೆ ಇದೆ."

"ಹಂಗಾದ್ರೆ ಇದು ನಕಲು. ಮೂಲ ಎಲ್ಲಿ?"

"ಮೂಲ ಇಲ್ಲ ಸಾರ್."

ಅಧಿಕಾರಿ ಕುರ್ಚಿಯಲ್ಲಿ ಮುಂದಕ್ಕೆ ಬಂದರು. ಇಪ್ಪತ್ತಾರು ವರ್ಷದ ಸರ್ವಿಸಿನಲ್ಲಿ ಮೂಲ ಕಳೆದುಹೋದದ್ದನ್ನು, ಸುಟ್ಟುಹೋದದ್ದನ್ನು, ಹಸು ತಿಂದದ್ದನ್ನು ಕಂಡಿದ್ದರು. ಮೂಲವೇ ಇಲ್ಲದ್ದನ್ನು ಕಂಡಿರಲಿಲ್ಲ. "ಮೂಲ ಇಲ್ಲದೆ ನಕಲು ಹೇಗಪ್ಪಾ ಬಂತು?"

"ಮೊದಲು ಫೋನಲ್ಲಿತ್ತು ಸಾರ್. ನಾನೇ ಅಳಿಸಿದೆ. ಭದ್ರತೆಗೆ."

"ಇದರ ಬೆಲೆ?"

"ದಿನಾ ಬದಲಾಗುತ್ತೆ ಸಾರ್. ಇವತ್ತು ಗಾಜಿನವರೆಗೆ ಬಂದಿದೆ."

ಗುಮಾಸ್ತ ಅದನ್ನು ಹೇಳಿಕೆಯ ಪುಸ್ತಕದಲ್ಲಿ ಬರೆದುಕೊಂಡ. ಬರೆದ ಮೇಲೆ, "ಯಾವ ಗಾಜು?" ಎಂದು ಕೇಳಿದ.

ಅಧಿಕಾರಿ ಬಹಳ ಹೊತ್ತು ಯೋಚಿಸಿದರು. ಪಟ್ಟಿಯ ಮೇಲೆ ಅಂಕಿ ಇಲ್ಲ, ಮುದ್ರೆ ಇಲ್ಲ, ಸಹಿ ಇಲ್ಲ. ಆದ್ದರಿಂದ ಖೋಟಾ ನೋಟಲ್ಲ. ಮೂಲ ಇಲ್ಲ, ಆದ್ದರಿಂದ ನಕಲೂ ಅಲ್ಲ. ನಾಲ್ಕು ಪದ ಬರೆದು ಪ್ಲಾಸ್ಟಿಕ್ ಹಾಕುವುದನ್ನು ಯಾವ ನಿಯಮವೂ ತಡೆಯುವುದಿಲ್ಲ. ಆದರೆ ಕಚೇರಿಯ ಮೇಜಿಗೆ ಬಂದ ವಸ್ತುವನ್ನು ಏನೂ ಮಾಡದೆ ವಾಪಸು ಕಳಿಸುವುದೂ ಸರಿಯಲ್ಲ. 'ಮೂಲದೊಂದಿಗೆ ಹೋಲಿಸಲಾಗಿದೆ' ಎಂಬ ಸೀಲನ್ನು ಎತ್ತಿ ಕೆಳಗಿಟ್ಟರು. 'ತಿರಸ್ಕರಿಸಲಾಗಿದೆ' ಎಂಬುದನ್ನು ಎತ್ತಿ ಕೆಳಗಿಟ್ಟರು. ಕೊನೆಗೆ ಯಾರಿಗೂ ನೋವಾಗದ 'ನೋಡಲಾಗಿದೆ' ಎಂಬುದನ್ನು ಲ್ಯಾಮಿನೇಷನ್ ಮೇಲೆ ಬಲವಾಗಿ ಒತ್ತಿ, ಟೀ ಅಂಗಡಿಯವನಿಗೇ ವಾಪಸು ಕೊಟ್ಟರು. ಜೆರಾಕ್ಸಣ್ಣ ಕೈ ಚಾಚಿದ್ದು ವ್ಯರ್ಥವಾಯಿತು. ಯಾರ ಮೂಲಕ ಬಂತೋ ಅವರ ಮೂಲಕವೇ ಹೋಗಬೇಕಂತೆ.

ಸರ್ಕಾರ ನೋಡಿದೆಯಂತೆ ಎಂಬ ಸುದ್ದಿ ಮಧ್ಯಾಹ್ನದೊಳಗೆ ಬೀದಿಯ ಎರಡೂ ತುದಿ ಮುಟ್ಟಿತು. ಬೆಳಗ್ಗೆ ಒಂದು ತಿಂಗಳ ಟೀಗೆ ಸಮನಾಗಿದ್ದ ಪಟ್ಟಿ ಸಂಜೆಗೆ ಆರು ತಿಂಗಳ ಕಟಿಂಗಿಗೆ ಏರಿತು. ಟೀ ಅಂಗಡಿಯವನು ಅದನ್ನು ಕ್ಷೌರಿಕನಿಗೆ ಕೊಟ್ಟು, ತಮ್ಮ, ಮೂವರು ಮಕ್ಕಳ ಜೊತೆ ಸಾಲಾಗಿ ಕೂತು ತಲೆ ಬೋಳಾಗುವಷ್ಟು ಕೂದಲು ಕತ್ತರಿಸಿಕೊಂಡ. ಕ್ಷೌರಿಕ ಎರಡು ದಿನ ಅದನ್ನು ಕನ್ನಡಿಗೆ ಸಿಕ್ಕಿಸಿಕೊಂಡಿದ್ದು, ಮೂರನೆಯ ದಿನ ಗುಜರಿ ಯಜಮಾನನಿಗೆ ಕೊಟ್ಟು ಒಂದು ತಿರುಗುವ ಕುರ್ಚಿ ತಂದ.

ಟೀ ಅಂಗಡಿಯವನು ಪಟ್ಟಿಯನ್ನು ಟೈಲರ್‌ಗೇ ವಾಪಸು ಕೊಟ್ಟಿದ್ದಾನೆ ಎಂದುಕೊಂಡಿದ್ದ ಜೆರಾಕ್ಸಣ್ಣ ಗುರುವಾರ ಫೋನು ನೋಡಿ ಕುಣಿದಾಡಿದ. "ಮುಚ್ಚಳ ದಾಟಿತು ಕಣೆ! ಒಂದು ಮಷೀನು, ಒಂದು ಮೇಜು!" ಕೂಡಲೇ ಟೈಲರ್ ಹತ್ತಿರ ಓಡಿದ.

"ಅದಾ? ಅವತ್ತೇ ಖರ್ಚಾಯ್ತಲ್ಲ ಅಣ್ಣ," ಎಂದ ಟೈಲರ್ ಗುಂಡಿ ಹಚ್ಚುತ್ತ.

"ಖರ್ಚು? ಅದು ಬೀಗದ ಕೈ ಕಣೋ! ಅದರಲ್ಲಿ ಏನು ಬರೆದಿತ್ತು, ಅದಾದ್ರೂ ಹೇಳು!"

"ಬರೆದಿದ್ದೆಲ್ಲ ನಾನು ನೋಡಲಿಲ್ಲ. ಅಳತೆ ಬೇಕಾದ್ರೆ ಕೇಳು. ಎಂಟಿಂಚು ಉದ್ದ, ಎರಡೂಮುಕ್ಕಾಲು ಅಗಲ."

ಟೀ ಅಂಗಡಿಯವನಿಗೆ ಪದ ನೆನಪಿರಲಿಲ್ಲ, ಪಟ್ಟಿಯನ್ನು ಬಿಟ್ಟುಕೊಟ್ಟಿದ್ದಕ್ಕೆ ಪಶ್ಚಾತ್ತಾಪವಿತ್ತು. ಕ್ಷೌರಿಕನಿಗೆ ಕನ್ನಡಿಯಲ್ಲಿ ತಿರುಗುಮುರುಗಾಗಿ ಕಂಡದ್ದು ಮಾತ್ರ ನೆನಪಿತ್ತು. ಕಚೇರಿಗೆ ಓಡಿದರೆ ಅಧಿಕಾರಿ, "ನೋಡಲಾಗಿದೆ ಅಂದ್ರೆ ಓದಲಾಗಿದೆ ಅಂತ ಅರ್ಥ ಅಲ್ಲ," ಎಂದರು.

ಗುಜರಿ ಯಜಮಾನ ಮಾತ್ರ ಅವನನ್ನು ನಗುನಗುತ್ತ ಬರಮಾಡಿಕೊಂಡ. ಒಂದನೆಯ ಪಟ್ಟಿ ಅವನ ಜೇಬಿನಿಂದ ಇಣುಕುತ್ತಿತ್ತು.

"ಯಜಮಾನ್ರೇ, ಅದನ್ನ ಒಂದೇ ಒಂದು ನಿಮಿಷ ಕೊಡಿ. ನೋಡಿ ಕೊಟ್ಟುಬಿಡ್ತೀನಿ."

ಯಜಮಾನ ಜೇಬಿನ ಮೇಲೆ ಕೈಯಿಟ್ಟ. "ನೀನು ಜೆರಾಕ್ಸ್ ಅಂಗಡಿಯವನು. ನಿನ್ನ ಕೈಗೆ ಒಂದು ನಿಮಿಷ ದುಡ್ಡು ಕೊಡೋಷ್ಟು ದಡ್ಡನಾ ನಾನು? ಅದಿರಲಿ, ಇಂಥವು ಒಟ್ಟು ಎಷ್ಟಿವೆ?"

"ಮೂರು."

"ಮೂರೇ?" ಯಜಮಾನನ ಕಣ್ಣು ಅರಳಿತು. ಹಳೇ ಸಾಮಾನಿನವನಿಗೆ ಸೆಟ್ಟಿನ ಬೆಲೆ ಗೊತ್ತು. ಒಂಟಿ ಕುರ್ಚಿಗೆ ಒಂದು ರೇಟು, ಸೆಟ್ಟು ತುಂಬಿದರೆ ಇನ್ನೊಂದು. "ಉಳಿದ ಎರಡೂ ತಂದುಕೊಡು. ಮಷೀನು ಎತ್ಕೊಂಡು ಹೋಗು. ಸೀಲ್ ಇರಬೇಕು ಮಾತ್ರ. ಸೀಲಿಲ್ಲದ್ದು ನಂಗೆ ಬೇಡ."

ಜೆರಾಕ್ಸಣ್ಣ ರಸ್ತೆಯಲ್ಲಿ ನಿಂತು ಲೆಕ್ಕ ಹಾಕಿದ. ಮೂರೂ ಪಟ್ಟಿ ತನ್ನ ಹತ್ತಿರ ಬಂದರೆ ದುಡ್ಡು ಬರುತ್ತದೆ, ದುಡ್ಡು ಕೊಟ್ಟರೆ ಮಷೀನು ಬರುತ್ತದೆ. ಮೂರೂ ಪಟ್ಟಿ ಯಜಮಾನನ ಹತ್ತಿರ ಹೋದರೂ ಮಷೀನು ಬರುತ್ತದೆ. ಹಾಗಾದರೆ ದುಡ್ಡು ಯಾರ ಹತ್ತಿರ ಇದ್ದಂತಾಯಿತು? ಮೂರು ಸಲ ಲೆಕ್ಕ ಹಾಕಿದ. ಮೂರು ಸಲವೂ ಮಷೀನು ಬಂತು, ದುಡ್ಡು ಮಾತ್ರ ಬೇರೆ ಬೇರೆಯವರ ಹತ್ತಿರ ಹೋಯಿತು. ಮನೆಗೆ ಬಂದು ಹೆಂಡತಿಗೆ ಹೇಳಿದ.

"ಮಷೀನು ಬರುತ್ತೆ ತಾನೇ? ಮತ್ತೇನು ನಿಮ್ಮ ತಲೆನೋವು?" ಎಂದಳು ಅವಳು.

ಭಾಮೈದ ತನ್ನದನ್ನು ಕೊರಳಿನಿಂದ ತೆಗೆದುಕೊಟ್ಟ. ನಲವತ್ತು ಮನೆಯ ನಾಯಿಗಳು ಅದರ ಹೊಳಪಿಗೆ ಬೊಗಳುತ್ತಿದ್ದವಂತೆ, ಅವನಿಗೂ ಸಾಕಾಗಿತ್ತು. ಅತ್ತೆ ಕೊಡಲಿಲ್ಲ.

"ಕೊಟ್ಟಿದ್ದನ್ನ ವಾಪಸ್ ಕೇಳೋ ಅಳಿಯ ಇವರೇ ಮೊದಲು ಇರಬೇಕು," ಎಂದರು ಗೋಡೆಗೆ.

"ಅಮ್ಮಾ, ಅಂಗಡಿ ಮುಚ್ಚಬೇಕಾಗುತ್ತೆ," ಎಂದಳು ಮಗಳು.

ಅತ್ತೆ ಗೋಡೆಯ ಜೊತೆ ಸ್ವಲ್ಪ ಹೊತ್ತು ಸಮಾಲೋಚನೆ ನಡೆಸಿದರು. "ಕೊಡೋದಾದ್ರೆ ನಾನೇ ಕೊಡ್ತೀನಿ. ನನ್ನ ಕೈಯಾರೆ. ಮಷೀನು ನೋಡಿದ ಮೇಲೆ."

ಶುಕ್ರವಾರ ಜೆರಾಕ್ಸಣ್ಣ ಎರಡನೆಯದಕ್ಕೆ ಸೀಲು ಹಾಕಿಸಿದ. ತಮ್ಮದಕ್ಕೆ ಅತ್ತೆ ತಾವೇ ಕಚೇರಿಗೆ ಹೋಗಿ ಹಾಕಿಸಿಕೊಂಡು ಬಂದರು. ಪದಗಳ ಮೇಲೆ ಹೆಬ್ಬೆರಳು ಮುಚ್ಚಿಕೊಂಡೇ ಪಟ್ಟಿ ಚಾಚಿದರಂತೆ. ಅಧಿಕಾರಿ ಹೆಬ್ಬೆರಳು ನೋಡಿ, ನೋಡಲಾಗಿದೆ ಎಂದು ಒತ್ತಿದರಂತೆ.

ಶನಿವಾರ ಹನ್ನೊಂದು ಗಂಟೆಗೆ ಸಣ್ಣ ಲಾರಿಯಲ್ಲಿ ಮಷೀನು ಬಂತು. ಬೀದಿಯೆಲ್ಲ ಸೇರಿತು. ಟೈಲರ್ ಅಳತೆಪಟ್ಟಿ ಕೊರಳಲ್ಲೇ ಇಟ್ಟುಕೊಂಡು ಬಂದ, ಟೀ ಅಂಗಡಿಯವನು ಬೋಳು ತಲೆಯಲ್ಲಿ ಬಂದ, ಹೊಸ ಜೆರಾಕ್ಸಿನವನು ಬಾರದವನಂತೆ ಬಂದ. ಗುಮಾಸ್ತನೊಂದಿಗೆ ಅಧಿಕಾರಿಯೂ ಕಚೇರಿಯ ಮೆಟ್ಟಿಲಿಳಿದು ಬಂದರು. ಅತ್ತೆ ಮಷೀನನ್ನು ಸುತ್ತು ಹಾಕಿ, ಬೆರಳಿನಿಂದ ಬಡಿದು ಸದ್ದು ಕೇಳಿ, ಪರ್ಸು ತೆಗೆದು ತಮ್ಮ ಪಟ್ಟಿಯನ್ನು ಯಜಮಾನನ ಅಂಗೈಯಲ್ಲಿಟ್ಟರು. ಜೆರಾಕ್ಸಣ್ಣ ಎರಡನೆಯದನ್ನು ಇಟ್ಟ.

"ಚಾಲೂ ಮಾಡಿ ತೋರಿಸ್ತೀನಿ, ಆಮೇಲೆ ಹಂಗೆ ಹಿಂಗೆ ಅನ್ನಬೇಡಿ," ಎಂದ ಯಜಮಾನ. ಪರೀಕ್ಷೆಗೆ ಒಂದು ಕಾಗದ ಬೇಕಾಗಿತ್ತು. ಕೈಯಲ್ಲಿ ಇದ್ದದ್ದು ಮೂರು ಪಟ್ಟಿ. ಅವನ್ನೇ ಗಾಜಿನ ಮೇಲೆ ಸಾಲಾಗಿ ಜೋಡಿಸಿ, ಮುಚ್ಚಳ ಮುಚ್ಚಿ, ಗುಂಡಿ ಒತ್ತಿದ.

ಮಷೀನು ಗೊರ್ ಎಂದಿತು. ಬೆಳಕು ಎಡದಿಂದ ಬಲಕ್ಕೆ ಹೋಯಿತು. ಬಿಳಿ ಹಾಳೆಯೊಂದು ಹೊರಗೆ ಬಂತು. ಗೆರೆ ಇರಲಿಲ್ಲ. ಮೂರೂ ಪಟ್ಟಿಗಳು, ಮೂರೂ ಸೀಲುಗಳು, ಅತ್ತೆಯ ಹೆಬ್ಬೆರಳಿನ ಗುರುತು ಸಮೇತ ಅಚ್ಚುಕಟ್ಟಾಗಿ ಮೂಡಿದ್ದವು.

"ಆಹಾ!" ಎಂದ ಯಜಮಾನ.

ಟೀ ಅಂಗಡಿಯವನು ಹಾಳೆಯನ್ನೂ ಪಟ್ಟಿಗಳನ್ನೂ ಬದಲಿಸಿ ಬದಲಿಸಿ ನೋಡಿದ. "ಹಂಗಾದ್ರೆ... ಇದನ್ನ ಎಷ್ಟು ಬೇಕಾದ್ರೂ ಮಾಡಬಹುದಾ?"

ಬೀದಿಯವರೆಲ್ಲ ಹಾಳೆಯ ಮೇಲೆ ಬಗ್ಗಿದರು.

"ಲ್ಯಾಮಿನೇಷನ್ ನನ್ನ ಹತ್ರಾನೂ ಇದೆ," ಎಂದ ಹೊಸ ಜೆರಾಕ್ಸಿನವನು ಹಿಂದಿನಿಂದ.

ಒಂದು ವಾರದಿಂದ ಟೀಯಿಂದ ಕಟಿಂಗಿಗೆ, ಕಟಿಂಗಿನಿಂದ ಕುರ್ಚಿಗೆ, ಕುರ್ಚಿಯಿಂದ ಮಷೀನಿಗೆ ಏರಿದ್ದ ಹಣ ಆ ಒಂದು ಮಾತಿಗೆ ಮೂರು ತುಂಡು ಪ್ಲಾಸ್ಟಿಕ್ ಆಯಿತು. ಕ್ಷೌರಿಕ ಕುರ್ಚಿಯ ನೆನಪಾಗಿ ಮೆಲ್ಲಗೆ ಅಂಗಡಿಗೆ ಹೋಗಿ ಬಾಗಿಲು ಹಾಕಿಕೊಂಡ. ಅಧಿಕಾರಿ ತಮ್ಮ ಸೀಲಿನ ನಕಲು ಕಂಡು ಕೆಂಪಾಗಿ, ಹಾಳೆಯನ್ನು ಕಸಿದು ನಾಲ್ಕು ಮಡಿಕೆ ಮಾಡಿ ಗುಮಾಸ್ತನ ಫೈಲಿಗೆ ಸೇರಿಸಿದರು.

"ಮಷೀನು ಲಾರಿಗೆ ಏರಿಸ್ರೋ!" ಎಂದು ಯಜಮಾನ ಕೂಗಿದ.

ಜೆರಾಕ್ಸಣ್ಣ ಅಡ್ಡ ನಿಂತ. "ಯಜಮಾನ್ರೇ, ಅದು ನಿಜವಾಗ್ಲೂ ದುಡ್ಡು! ಪ್ಲಾಸ್ಟಿಕ್ ದುಡ್ಡಲ್ಲ, ಪದ ದುಡ್ಡು! ಹನ್ನೆರಡೂ ಸಾಲಾಗಿ ಫೋನಿಗೆ ಹಾಕಿದ್ರೆ ಒಂದು ಮಷೀನು, ಒಂದು ಮೇಜು ಬರುತ್ತೆ!" ಈ ಎರಡು ವಾರದಲ್ಲಿ ಅವನು ಸರಿಯಾಗಿ ವಿವರಿಸಿದ್ದು ಇದೊಂದೇ ಸಲ. ಬೀದಿಯವರು ಪಾಪ ಎನ್ನುವಂತೆ ನೋಡಿದರು. ಟೈಲರ್ ಅವನ ಭುಜ ಹಿಡಿದು, "ಕೂತ್ಕೋ ಅಣ್ಣ, ನೀರು ತರ್ತೀನಿ," ಎಂದ.

"ಆಮೆ, ಉಪ್ಪು ಅಂತ ಬರೆದು ನಂಗೇ ಟೋಪಿ ಹಾಕ್ತೀಯಾ? ತಗೋ ನಿನ್ನ ದುಡ್ಡು!" ಯಜಮಾನ ಪಟ್ಟಿಗಳನ್ನು ರಸ್ತೆಗೆ ಎಸೆದು ಮಷೀನಿಗೆ ಕೈ ಹಾಕಿದ. ಅಷ್ಟರಲ್ಲಿ ಜೆರಾಕ್ಸಣ್ಣನ ಹೆಂಡತಿ ಅದರ ಪ್ಲಗ್ಗನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದಳು.

"ಯಜಮಾನ್ರೇ, ನಿಮ್ಮ ಗೋಡೌನ್ ಬಾಗಿಲ ಮೇಲೆ ಏನು ಬರೆಸಿದೀರಿ?"

ಯಜಮಾನ ಮಷೀನಿನಿಂದ ಕೈ ತೆಗೆದ.

"ಮಾರಿದ ಮಾಲು ಯಾವ ಕಾರಣಕ್ಕೂ ವಾಪಸ್ ತೆಗೆದುಕೊಳ್ಳುವುದಿಲ್ಲ ಅಂತ. ಹೋದ ವರ್ಷ ನಿಮ್ಮ ಮಿಕ್ಸೀಲಿ ಎರಡನೇ ದಿನಕ್ಕೆ ಹೊಗೆ ಬಂದಾಗ ನೀವೇ ನಂಗೆ ಆ ಬೋರ್ಡು ಓದಿ ಹೇಳಿದ್ರಿ. ಗಟ್ಟಿಯಾಗಿ."

ಮಿಕ್ಸಿ, ಫ್ಯಾನು, ಗಡಿಯಾರ ತಂದು ಮೋಸಹೋದವರು ಗುಂಪಿನಲ್ಲಿ ಇನ್ನೂ ಏಳೆಂಟು ಜನ ಇದ್ದರು. ಅವರೆಲ್ಲ ಒಂದು ಹೆಜ್ಜೆ ಮುಂದೆ ಬಂದರು. ತೂಕಕ್ಕೆ ತಂದ ಮಾಲಿಗೆ ಇಷ್ಟು ಜನರ ಎದುರು ನಿಲ್ಲುವುದು ಯಜಮಾನನಿಗೂ ಲಾಭವೆನಿಸಲಿಲ್ಲ. ಸಿಕ್ಕಿದ್ದೇ ಲಾಭ ಎಂದು ಜೆರಾಕ್ಸಣ್ಣನ ಗೆರೆ ಎಳೆಯುವ ಹಳೇ ಮಷೀನನ್ನು ಲಾರಿಗೆ ಹಾಕಿಸಿಕೊಂಡು, ಯಾರನ್ನೂ ನೋಡದೆ ಹೋದ. ಸೋಮವಾರ ಗುಮಾಸ್ತನೇ ಖುದ್ದಾಗಿ ಮೂರು ಅರ್ಜಿದಾರರನ್ನು ಜೆರಾಕ್ಸಣ್ಣನ ಅಂಗಡಿಗೆ ಕಳಿಸಿದ. ಮೂವರೂ ಕಂಬಿಯಿಲ್ಲದೆ ಹೊರಗೆ ಬಂದರು.

ಆ ಶನಿವಾರವೇ ಬೀದಿ ಕರಗಿದ ಮೇಲೆ ಜೆರಾಕ್ಸಣ್ಣ ಪೊರಕೆ ಹಿಡಿದು, ಅಂಗಡಿ ಮುಂದೆ ಗುಡಿಸುವವನಂತೆ ಪಟ್ಟಿಗಳನ್ನು ಹುಡುಕಿದ್ದ. ಒಂದನೆಯದು ಸಿಕ್ಕಿತು. ಎರಡನೆಯದು ಲಾರಿ ಚಕ್ರದ ಗುರುತಿನೊಂದಿಗೆ ಸಿಕ್ಕಿತು. ಲ್ಯಾಮಿನೇಷನ್ನಿಗೆ ಏನೂ ಆಗಿರಲಿಲ್ಲ. ಮೂರನೆಯದು ಇರಲಿಲ್ಲ. ಅಧಿಕಾರಿಯ ಫೈಲಿನಲ್ಲಿದ್ದ ಹಾಳೆಯನ್ನು ಕೇಳಿದರೆ, "ಅರ್ಜಿ ಕೊಡು, ಮೂಲ ಪ್ರತಿಗಳನ್ನ ಲಗತ್ತಿಸು," ಎಂದರು. ಮನೆಗೆ ಬಂದ. ಅತ್ತೆ ದಿಂಬಿಗೆ ಒರಗಿ ಕುಳಿತು ಪಟ್ಟಿಯ ಮೇಲಿನ ಧೂಳನ್ನು ಒರೆಸುತ್ತಿದ್ದರು.

"ಅತ್ತೆ, ಇನ್ನೆರಡು ನನ್ನ ಹತ್ರ ಇವೆ. ಅದೊಂದು ಕೊಟ್ಟುಬಿಡಿ. ಮಷೀನೂ ಬಂತು, ಈಗ ದುಡ್ಡೂ ಬರುತ್ತೆ."

"ನಾನು ಕೊಟ್ಟಿದ್ದು ಅವನು ಎಸೆದ. ನಾನು ಎತ್ಕೊಂಡೆ. ಈಗ ಇದು ನಂದು," ಎಂದರು ಅತ್ತೆ. "ರೇಟು ಎಷ್ಟಿದೆ ಇವತ್ತು?"

"ಒಂದು ಮಷೀನು, ಎರಡು ಮೇಜು."

"ಏರ್ತಾ ಇದೆಯಾ?"

"ಏರ್ತಾ ಇದೆ ಅತ್ತೆ, ಅದಕ್ಕೇ..."

"ಏರ್ತಾ ಇರೋದನ್ನ ಯಾರಾದ್ರೂ ಕೈ ಬಿಡ್ತಾರಾ? ಇನ್ನೂ ಏರಲಿ." ಪಟ್ಟಿ ಪರ್ಸಿಗೆ ಹೋಯಿತು, ಪರ್ಸು ರವಿಕೆಗೆ ಹೋಯಿತು.

ಮಷೀನು ಬಂದ ಹನ್ನೊಂದನೆಯ ದಿನ ನಾಣ್ಯ ಬೆಳಗ್ಗೆ ಎದ್ದವರು ಕಣ್ಣುಜ್ಜುವಷ್ಟರಲ್ಲಿ ಗಾಲಿಗೆ ಬಂದು ಬಿತ್ತು. ಜೆರಾಕ್ಸಣ್ಣ ಅಂಗಡಿ ಬಿಟ್ಟು ಓಡಿಬಂದ. "ಅತ್ತೆ! ಬಿದ್ದುಹೋಯ್ತು! ಗಾಲಿಗೆ ಬಂತು! ಈಗಲಾದ್ರೂ ಕೊಡಿ, ಇದ್ದಷ್ಟು ತೆಗೆದುಬಿಡೋಣ!"

ಅತ್ತೆ ಕನ್ನಡಕದ ಮೇಲಿನಿಂದ ಅವನನ್ನು ಬಹಳ ಹೊತ್ತು ನೋಡಿದರು. "ಬಿದ್ದಿರೋ ಹೊತ್ತಲ್ಲಿ ಮಾರಿ ನಷ್ಟ ಮಾಡ್ಕೊಳ್ಳೋಕೆ ನಂಗೇನು ಹುಚ್ಚಾ? ಏರಲಿ, ನೋಡೋಣ."

ಜೆರಾಕ್ಸಣ್ಣ ಹೊರಗೆ ಬಂದು ಚಪ್ಪಲಿ ಮೆಟ್ಟುತ್ತ ಇನ್ನೊಮ್ಮೆ ಫೋನು ನೋಡಿದ. ಅಷ್ಟರಲ್ಲಿ ಅದು ಟ್ರೇಗೆ ಏರಿತ್ತು. ಒಳಗೆ ಹೋಗಿ ಹೇಳುವುದೋ ಬೇಡವೋ ತಿಳಿಯದೆ, ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಹೊಸಿಲಲ್ಲೇ ನಿಂತ.